ಹೆಮಿಯೋ, 454 ಷೆವಿಯೋ, ಬ್ಯೂಕೋ: ಬಿಗ್ ಬ್ಲಾಕ್ ಇಂಜಿನ್‌ಗಳ ಹಾರ್ಸ್‌ಪವರ್ ಅಂಕಿ ಎಷ್ಟು ನಂಬಬಹುದು?

ಪ್ರಶ್ನೆ: ನಾನು ತುಮಕೂರಿನವನು, ಕೆಲಸದ ಮೇಲೆ ಬಂದು ಮಿಷಿಗನ್‌ನಲ್ಲಿ ನೆಲೆಸಿದ್ದೇನೆ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಸಾಲುಗಟ್ಟುವ ಹಳೇ ಕಾರುಗಳನ್ನು ನೋಡಿ ನೋಡಿ ಒಂದು ಮಸಲ್ ಕಾರು (ದೊಡ್ಡ ಇಂಜಿನ್ನಿನ ಹಳೇ ಅಮೆರಿಕನ್ ಕಾರು) ಕೊಳ್ಳಲೇಬೇಕು ಅನ್ನಿಸಿದೆ. ಎಕ್ಸೆಲ್‌ನಲ್ಲಿ ಬಿಗ್ ಬ್ಲಾಕ್, ಅಂದರೆ ದೊಡ್ಡ ಗಾತ್ರದ ವಿ-8 ಇಂಜಿನ್‌ಗಳ ಒಂದು ಪಟ್ಟಿ ಮಾಡಿದೆ. ಹೆಸರಿನಲ್ಲಿರುವ 454, 426 ಮುಂತಾದವು ಘನ ಇಂಚಿನಲ್ಲಿ ಇಂಜಿನ್ನಿನ ಗಾತ್ರ. ಷೆವರ್ಲೆ (ಷೆವಿ) ಕಂಪನಿಯ 1970ರ ಷೆವೆಲ್ ಕಾರಿನ 454 ಎಲ್‌ಎಸ್-6 ಇಂಜಿನ್‌ಗೆ 450 ಹಾರ್ಸ್‌ಪವರ್, ಕ್ರೈಸ್ಲರ್ 426 ಹೆಮಿಗೆ 425, ಅದೇ ಕಂಪನಿಯ 440 ಮ್ಯಾಗ್ನಮ್‌ಗೆ 375, ಬ್ಯೂಕ್ 455 ಸ್ಟೇಜ್-1ಗೆ 360, ಮಸ್ಟ್ಯಾಂಗ್‌ನ 428 ಕೋಬ್ರಾ ಜೆಟ್‌ಗೆ 335. ಆದರೆ ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಪಕ್ಕದ ಮನೆಯ ಹಿರಿಯರು ಈ ಪಟ್ಟಿ ನೋಡಿ ತಲೆಯಾಡಿಸಿದರು. ಬ್ಯೂಕ್ ಹೆಮಿಯನ್ನು ಹಿಂದಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ ಅಂತಾರೆ. ಅವರ ಸ್ನೇಹಿತರು ಹೆಮಿಗೆ ಸಾಟಿಯೇ ಇಲ್ಲ ಅಂತಾರೆ. ಈಗ ಒಬ್ಬರು 1970ರ ಷೆವೆಲ್ ಮಾರುತ್ತಿದ್ದಾರೆ. ಎಲ್‌ಎಸ್-6 ಅಂತ ಹೇಳುತ್ತಾರೆ, ಕಾಗದಪತ್ರ ಕಳೆದುಹೋಗಿದೆಯಂತೆ. ಯಾವ ಇಂಜಿನ್ ನಿಜಕ್ಕೂ ಬಲಶಾಲಿ? ಈಗಿನ ಪೆಟ್ರೋಲ್‌ನಲ್ಲಿ ಓಡುತ್ತದೆಯೇ? ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಪಟ್ಟಿಯ ಅಂಕಿಗಳು ಸರಿಯಾಗಿಯೇ ಇವೆ, ಆ ಕಾಲದಲ್ಲಿ ಕಂಪನಿಗಳು ಅಚ್ಚು ಹಾಕಿಸಿದ್ದು ಇವನ್ನೇ. ಪಕ್ಕದ ಮನೆಯವರ ಮಾತೂ ಸುಳ್ಳಲ್ಲ. ಎರಡೂ ಹೊಂದದಿರುವುದಕ್ಕೆ ಕಾರಣ ಇಷ್ಟೇ: ಆ ಅಂಕಿಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆದಿಲ್ಲ. ಕೆಲವನ್ನಂತೂ ಬೇಕೆಂದೇ ಇಳಿಸಿ ಬರೆದಿದ್ದಾರೆ. ಈ ಪಟ್ಟಿಯನ್ನು ನಂಬಿ ದುಡ್ಡು ಹಾಕುವ ಮುಂಚೆ ನೀವು ಕೇಳಿದ್ದು ಒಳ್ಳೆಯದಾಯಿತು.

ಮೊದಲು ಅಳತೆಯ ವಿಷಯ. 1971ರವರೆಗೆ ಅಮೆರಿಕದ ಕಂಪನಿಗಳು ಕೊಡುತ್ತಿದ್ದುದು ಗ್ರಾಸ್ ಹಾರ್ಸ್‌ಪವರ್. ಇಂಜಿನ್ ಒಂದನ್ನೇ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಕೂರಿಸುತ್ತಿದ್ದರು. ಫ್ಯಾನ್ ಇಲ್ಲ, ಆಲ್ಟರ್ನೇಟರ್ ಹೊರೆ ಇಲ್ಲ, ಏರ್ ಕ್ಲೀನರ್ ಇಲ್ಲ, ಕಾರಿಗೆ ಬರುವ ಸೈಲೆನ್ಸರ್ ಇಲ್ಲ. ಟೈಮಿಂಗನ್ನು (ಪ್ಲಗ್ ಕಿಡಿ ಹಾರುವ ಕ್ಷಣವನ್ನು) ಅತಿ ಹೆಚ್ಚು ಶಕ್ತಿ ಬರುವಂತೆ ಹೊಂದಿಸಿ, ಬಂದ ಅಂಕಿಯನ್ನು ಬರೆದುಕೊಳ್ಳುತ್ತಿದ್ದರು. 1972ರಿಂದ ಬಂದದ್ದು ನೆಟ್ ಅಳತೆ. ಅದರಲ್ಲಿ ಕಾರಿನಲ್ಲಿರುವ ಎಲ್ಲ ಸಾಮಾನನ್ನೂ ಸೇರಿಸಿ ಅಳೆಯುತ್ತಾರೆ. 1971ರಲ್ಲಿ ಕೆಲವು ಇಂಜಿನ್‌ಗಳಿಗೆ ಎರಡು ಅಂಕಿಯನ್ನೂ ಕೊಟ್ಟಿದ್ದರಿಂದ ನಮಗೆ ಹೋಲಿಕೆ ಸಿಗುತ್ತದೆ. ಹೆಮಿಯ 425 ನೆಟ್‌ನಲ್ಲಿ 350 ಆಯಿತು. ಆ ವರ್ಷದ ಷೆವರ್ಲೆ ಕಾರ್ವೆಟ್‌ನ ಎಲ್‌ಎಸ್-6ರ 425, 325ಕ್ಕೆ ಇಳಿಯಿತು. ಸಾಮಾನ್ಯ 454 ಎಲ್‌ಎಸ್-5ರ 365 ಆದದ್ದು 285. ನೂರಕ್ಕೆ ಹದಿನೆಂಟರಿಂದ ಇಪ್ಪತ್ನಾಲ್ಕು ಭಾಗ ಕಾಗದದ ಮೇಲೇ ಹೋಯಿತು. '1972ರಲ್ಲಿ ಸರ್ಕಾರ ಮಸಲ್ ಕಾರುಗಳನ್ನು ಕೊಂದುಹಾಕಿತು' ಎಂದು ಹೇಳುವವರು ಅಂಕಿ ಬಿದ್ದದ್ದನ್ನು ನೋಡುತ್ತಾರೆ, ಅಳತೆ ಬದಲಾದದ್ದನ್ನು ಮರೆಯುತ್ತಾರೆ.

ಇನ್ನು ಇಳಿಸಿ ಬರೆದ ಅಂಕಿಗಳು. ಇದಕ್ಕೆ ಎರಡು ಕಾರಣ. ಹಾರ್ಸ್‌ಪವರ್ ನೋಡಿ ಇನ್ಶೂರೆನ್ಸ್ ಕಂಪನಿಗಳು ಪ್ರೀಮಿಯಂ ಏರಿಸುತ್ತಿದ್ದವು. ಡ್ರ್ಯಾಗ್ ರೇಸ್ (ಕಾಲು ಮೈಲಿಯ ನೇರ ಓಟ) ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ ಕಾರಿನ ತೂಕವನ್ನು ಹಾರ್ಸ್‌ಪವರ್‌ನಿಂದ ಭಾಗಿಸಿ ಅದನ್ನು ಯಾವ ವರ್ಗದಲ್ಲಿ ಓಡಿಸಬೇಕೆಂದು ತೀರ್ಮಾನಿಸುತ್ತಿತ್ತು. ಅಂಕಿ ಕಡಿಮೆ ಇದ್ದರೆ ಪ್ರೀಮಿಯಂ ಕಡಿಮೆ, ಎದುರಾಳಿಗಳೂ ಸುಲಭ. ಫೋರ್ಡ್‌ನ 428 ಕೋಬ್ರಾ ಜೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಏಪ್ರಿಲ್ 1968ರಲ್ಲಿ 335 ಹಾರ್ಸ್‌ಪವರ್ ಎಂದು ಮಾರುಕಟ್ಟೆಗೆ ಬಂತು. ಅದಕ್ಕೂ ಎರಡು ತಿಂಗಳ ಮೊದಲೇ ಪೊಮೋನಾದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್ ಡ್ರ್ಯಾಗ್ ರೇಸ್‌ನಲ್ಲಿ ಈ ಇಂಜಿನ್ನಿನ ಮಸ್ಟ್ಯಾಂಗ್ ಓಡಿಸಿದ ಆಲ್ ಜೋನಿಯೆಕ್ ಸೂಪರ್ ಸ್ಟಾಕ್ ಎಂಬ ವರ್ಗದ ಪಟ್ಟ ಗೆದ್ದಿದ್ದರು.

ಹಾಗಾದರೆ ನಿಜ ಎಷ್ಟು ಎಂದು ತಿಳಿಯುವುದು ಹೇಗೆ? ಕಾಲು ಮೈಲಿ ಓಟದಲ್ಲಿ ಹಿಡಿದ ಸೆಕೆಂಡುಗಳನ್ನು ನೋಡಬೇಡಿ, ಗೆರೆ ದಾಟುವಾಗ ಕಾರಿಗಿದ್ದ ವೇಗ ನೋಡಿ. ಸೆಕೆಂಡು ಟೈರಿನ ಹಿಡಿತದ ಮೇಲೆ, ಓಡಿಸುವವನ ಕೈಚಳಕದ ಮೇಲೆ ಏರುಪೇರಾಗುತ್ತದೆ. ವೇಗ ಮಾತ್ರ ಬಹುಪಾಲು ತೂಕ ಮತ್ತು ಶಕ್ತಿಯ ಲೆಕ್ಕ. ನಮ್ಮ ಕೆಲಸದಲ್ಲಿ ಎಲ್ಲರೂ ಬಳಸುವ ಒಂದು ಸೂತ್ರವಿದೆ: ಗಂಟೆಗೆ ಮೈಲಿಯಲ್ಲಿರುವ ವೇಗವನ್ನು 234ರಿಂದ ಭಾಗಿಸಿ, ಬಂದದ್ದರ ಘನ ತೆಗೆದು, ಡ್ರೈವರ್ ಸೇರಿದ ತೂಕದ ಪೌಂಡ್‌ನಿಂದ ಗುಣಿಸಿ. ಬರುವುದು ಅಂದಾಜು ನೆಟ್ ಹಾರ್ಸ್‌ಪವರ್.

ಆ ಕಾಲದ ಪತ್ರಿಕೆಗಳ ಪರೀಕ್ಷೆಯ ಅಂಕಿಗಳನ್ನು ಇದಕ್ಕೆ ಹಾಕೋಣ. 428 ಕೋಬ್ರಾ ಜೆಟ್ ಮಸ್ಟ್ಯಾಂಗ್ ಗೆರೆ ದಾಟಿದ್ದು 106.6 ಮೈಲಿ ವೇಗದಲ್ಲಿ. ತೂಕ 3,500 ಪೌಂಡ್ ಎಂದಿಟ್ಟುಕೊಂಡರೆ ಸುಮಾರು 330 ಹಾರ್ಸ್‌ಪವರ್ ಬರುತ್ತದೆ. ಬ್ಯೂಕ್ ಸ್ಟೇಜ್-1ರದ್ದು 105.5 ಮೈಲಿ. 3,900 ಪೌಂಡ್‌ಗೆ ಸುಮಾರು 355. ಎಲ್‌ಎಸ್-6 ಷೆವೆಲ್‌ನದ್ದು 108 ಮೈಲಿ. 4,000 ಪೌಂಡ್‌ಗೆ ಸುಮಾರು 395. ಈಗ ಇವನ್ನು ನಿಮ್ಮ ಪಟ್ಟಿಯ ಪಕ್ಕ ಇಡಿ. ಮಸ್ಟ್ಯಾಂಗ್ ಮತ್ತು ಬ್ಯೂಕ್‌ಗಳ ಗ್ರಾಸ್ ಅಂಕಿ ಎಷ್ಟೋ, ರಸ್ತೆಯಲ್ಲಿ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅವುಗಳ ನಿಜವಾದ ಗ್ರಾಸ್ 400ರ ಮೇಲಿರಲೇಬೇಕು. ಎಲ್‌ಎಸ್-6ರ ಅಂಕಿ ಹೋಲಿಸಿದರೆ ಪ್ರಾಮಾಣಿಕ. ಪತ್ರಿಕೆಗಳಿಗೆ ಕೊಟ್ಟ ಕಾರುಗಳನ್ನು ಕಂಪನಿಯವರು ಒಂದಿಷ್ಟು ಚೊಕ್ಕಮಾಡಿ ಕಳಿಸುತ್ತಿದ್ದ ಅಭ್ಯಾಸವಿತ್ತು, ಆದ್ದರಿಂದ ಇವುಗಳಲ್ಲೂ ಒಂದೊಂದು ಅಂಕಿಗೆ ಜೋತುಬೀಳಬೇಡಿ. ಆದರೂ ಪಟ್ಟಿಯಲ್ಲಿ 450ಕ್ಕೂ 335ಕ್ಕೂ ಇದ್ದ 115ರ ಅಂತರ ಇಲ್ಲಿ 65ಕ್ಕೆ ಇಳಿದಿದೆ, ಮಸ್ಟ್ಯಾಂಗ್ 500 ಪೌಂಡ್ ಹಗುರ ಬೇರೆ. ನಿಮ್ಮ ಪಕ್ಕದ ಮನೆಯವರು ಕಣ್ಣಾರೆ ಕಂಡದ್ದು ಈ ಲೆಕ್ಕವನ್ನೇ.

ಹೆಮಿಗೆ ಬರುತ್ತೇನೆ, ಏಕೆಂದರೆ ಅದರ ಅಂಕಿಯಲ್ಲಿ ಒಂದು ಸ್ವಾರಸ್ಯವಿದೆ. ಕಂಪನಿ ಕೊಟ್ಟದ್ದು 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) 425 ಹಾರ್ಸ್‌ಪವರ್, 4,000ದಲ್ಲಿ 490 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಹಾರ್ಸ್‌ಪವರ್. 4,000ದಲ್ಲಿ ಅದು 373 ಆಗುತ್ತದೆ. 425ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ 5,000ದಲ್ಲಿ ಟಾರ್ಕ್ 446. ಆರ್‌ಪಿಎಂ ನೂರಕ್ಕೆ ಇಪ್ಪತ್ತೈದು ಏರಿದೆ, ಟಾರ್ಕ್ ಇಳಿದದ್ದು ಒಂಬತ್ತು ಮಾತ್ರ. ಹೀಗಿರುವಾಗ ಶಕ್ತಿ ಇನ್ನೂ ಏರುತ್ತಲೇ ಇರುತ್ತದೆ. ಕಂಪನಿ ಅಳತೆಯನ್ನು ಶಿಖರ ಮುಟ್ಟುವ ಮುಂಚೆಯೇ ನಿಲ್ಲಿಸಿ ಬರೆದಿದೆ. ಸರಿಯಾಗಿ ಕಟ್ಟಿದ ಹೆಮಿಯನ್ನು ಡೈನೋ ಮೇಲೆ ಓಡಿಸಿದವರಿಗೆಲ್ಲ ಇದು ಗೊತ್ತು. 5,000 ದಾಟಿದ ಮೇಲೆ ಬೇರೆ ಇಂಜಿನ್‌ಗಳು ಉಸಿರು ಬಿಗಿಹಿಡಿದಂತೆ ಆಡುವಾಗ ಇದು ಇನ್ನೂ ಎಳೆಯುತ್ತಿರುತ್ತದೆ.

ಕಾರಣ ಅದರ ಸಿಲಿಂಡರ್ ಹೆಡ್. ಪೆಟ್ರೋಲ್ ಉರಿಯುವ ಕಂಬಶ್ಚನ್ ಚೇಂಬರ್ ಅರ್ಧಗೋಳದ ಆಕಾರ, ಇನ್‌ಟೇಕ್ ವಾಲ್ವ್ 2.25 ಇಂಚು, ಎದುರು ಬದಿಯಲ್ಲಿ ಎಕ್ಸಾಸ್ಟ್ ವಾಲ್ವ್ 1.94 ಇಂಚು. ಗಾಳಿ ಒಂದು ಕಡೆಯಿಂದ ಬಂದು ನೇರ ಇನ್ನೊಂದು ಕಡೆ ಹೋಗುತ್ತದೆ. ಇದನ್ನು ಮಾಡಿದ್ದು ರೇಸಿಗಾಗಿ. ಫೆಬ್ರವರಿ 1964ರ ಡೇಟೋನಾ 500ರಲ್ಲಿ ರಿಚರ್ಡ್ ಪೆಟ್ಟಿ ಇದರಲ್ಲೇ ಗೆದ್ದರು, ಮೊದಲ ಮೂರೂ ಸ್ಥಾನ ಕ್ರೈಸ್ಲರ್‌ನ ಪ್ಲಿಮತ್ ಕಾರುಗಳ ಪಾಲಾಯಿತು. ಸಾಮಾನ್ಯ ಗಿರಾಕಿಗೆ ಸಿಗದ ಇಂಜಿನ್ ಎಂದು ಕಾರ್ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ಅದನ್ನು 1965ಕ್ಕೆ ತಡೆದದ್ದರಿಂದಲೇ 1966ರಲ್ಲಿ ರಸ್ತೆಯ ಹೆಮಿ ಹುಟ್ಟಿತು. ಆದರೆ ಗಂಟೆಗೆ ನೂರೈವತ್ತು ಮೈಲಿಯಲ್ಲಿ ಬೇಕಾದ ಗುಣ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವಾಗ ಬೇಕಾಗುವುದಿಲ್ಲ. ದೊಡ್ಡ ಪೋರ್ಟ್‌ಗಳಲ್ಲಿ (ಹೆಡ್ಡಿನೊಳಗಿನ ಗಾಳಿದಾರಿಗಳಲ್ಲಿ) ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಸಾಲದು. ಎರಡು ನಾಲ್ಕು-ಬ್ಯಾರೆಲ್ (ನಾಲ್ಕು ಗಾಳಿದಾರಿಯ) ಕಾರ್ಬ್ಯುರೇಟರ್ ಹೊಂದಿಸಬೇಕು, ತಣ್ಣಗಿರುವಾಗ ಪ್ಲಗ್ ಕಪ್ಪಾಗುತ್ತದೆ, ಇಂಜಿನ್ ಭಾರ ಮುಂದಿನ ಚಕ್ರಗಳ ಮೇಲೆ ಕೂರುತ್ತದೆ. ಟ್ಯೂನಿಂಗ್ ಕೊಂಚ ಕೆಟ್ಟ ಹೆಮಿಯನ್ನು ಒಳ್ಳೆಯ 440 ಆರಾಮಾಗಿ ಹಿಂದಿಕ್ಕುತ್ತದೆ.

ಬ್ಯೂಕ್ ಇದಕ್ಕೆ ತದ್ವಿರುದ್ಧ. 455 ಸ್ಟೇಜ್-1ರ 510 ಪೌಂಡ್-ಅಡಿ, ಅಂದರೆ ಸುಮಾರು 690 ನ್ಯೂಟನ್ ಮೀಟರ್ ಟಾರ್ಕ್ ಬರುವುದು ಬರೀ 2,800 ಆರ್‌ಪಿಎಂನಲ್ಲಿ. ತೆಳು ಗೋಡೆಯ ಎರಕ ಹಾಕಿದ ಬ್ಲಾಕ್ ಆದ್ದರಿಂದ ಈ ಗಾತ್ರದ ಬೇರೆ ಇಂಜಿನ್‌ಗಳಿಗಿಂತ ಹಗುರ. ಸಿಗ್ನಲ್ ಬಿಟ್ಟ ಕೂಡಲೇ ಎಳೆತ ಕೈಗೆ ಸಿಗುತ್ತದೆ. ಅದರ ದೌರ್ಬಲ್ಯ ಆಯಿಲ್. ಪಂಪ್ ಮುಂದಿನ ಕವರ್‌ನಲ್ಲಿದೆ, ಆಯಿಲ್ ಅಲ್ಲಿಗೆ ಬರುವ ದಾರಿ ಉದ್ದ. 5,500ರ ಮೇಲೆ ಮತ್ತೆ ಮತ್ತೆ ಎಳೆದರೆ ಬೇರಿಂಗ್‌ಗಳಿಗೆ ಆಯಿಲ್ ಸಾಲದೆ ಹೋಗುತ್ತದೆ. ಬಿಚ್ಚಿದ ಬ್ಯೂಕ್‌ಗಳಲ್ಲಿ ಬೇರಿಂಗ್‌ನ ಮೇಲ್ಪದರ ಸವೆದು ತಾಮ್ರದ ಬಣ್ಣ ಇಣುಕುವುದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿದೆ.

ಓಲ್ಡ್ಸ್‌ಮೊಬೀಲ್ 455 ಮತ್ತು ಪಾಂಟಿಯಾಕ್ 455 ಎರಡೂ ಉದ್ದ ಸ್ಟ್ರೋಕಿನ, ಕೆಳಗಿನಿಂದ ಎಳೆಯುವ ಇಂಜಿನ್‌ಗಳು, ಸ್ವಭಾವದಲ್ಲಿ ಬ್ಯೂಕ್‌ಗೆ ಹತ್ತಿರ. ಬಾಸ್ 429 ಫೋರ್ಡ್ ನ್ಯಾಸ್ಕಾರ್‌ಗಾಗಿ ಮಾಡಿದ್ದು, ಅದರ ಬೆಲೆಗೆ ನೀವು ಕೈ ಹಾಕುವುದು ಬೇಡ.

ಇಷ್ಟರಲ್ಲಿ ನಾನು ಮುಖ್ಯ ಎಂದು ತಿಳಿದಿರುವ ಒಂದು ಲೆಕ್ಕ ಹೇಳುತ್ತೇನೆ. ಪ್ರತಿ ಇಂಜಿನ್ನಿನ ಟಾರ್ಕನ್ನು ಅದರ ಘನ ಇಂಚಿನಿಂದ ಭಾಗಿಸಿ ನೋಡಿ. ಹೆಮಿ 1.15, ಬ್ಯೂಕ್ 1.12, ಎಲ್‌ಎಸ್-6 1.10, ಓಲ್ಡ್ಸ್ 1.10, 440 ಮ್ಯಾಗ್ನಮ್ 1.09. ಎಲ್ಲ ಹೆಚ್ಚುಕಡಿಮೆ ಒಂದೇ! ಟಾರ್ಕ್ ಕೊಡುವುದು ಗಾತ್ರ. ಹೆಡ್, ಕ್ಯಾಮ್ (ವಾಲ್ವ್ ತೆರೆಸುವ ದಂಡ), ಕಾರ್ಬ್ಯುರೇಟರ್ ತೀರ್ಮಾನಿಸುವುದು ಆ ಟಾರ್ಕ್ ಯಾವ ಆರ್‌ಪಿಎಂವರೆಗೆ ಉಳಿಯುತ್ತದೆ ಎಂಬುದನ್ನು. ಷೆವೆಲ್‌ನ ಎಲ್‌ಎಸ್-5 ಮತ್ತು ಎಲ್‌ಎಸ್-6 ಇದಕ್ಕೆ ಸಾಕ್ಷಿ. ಎರಡೂ 454, ಎರಡಕ್ಕೂ 500 ಪೌಂಡ್-ಅಡಿ, ಒಂದಕ್ಕೆ 3,200ರಲ್ಲಿ, ಇನ್ನೊಂದಕ್ಕೆ 3,600ರಲ್ಲಿ. ಹಾರ್ಸ್‌ಪವರ್ ಮಾತ್ರ 360 ಮತ್ತು 450. ಆ 90ರ ವ್ಯತ್ಯಾಸ ಬಹುಪಾಲು ಇರುವುದು 4,500ರ ಮೇಲೆ. ಮಗಳನ್ನು ಹಿಂದೆ ಕೂರಿಸಿಕೊಂಡು ವುಡ್‌ವರ್ಡ್‌ನಲ್ಲಿ ಹೋಗುವಾಗ ನೀವು ಅಲ್ಲಿಗೆ ಎಷ್ಟು ಸಲ ಹೋಗುತ್ತೀರಿ?

ಗೇರ್ ರೇಶಿಯೋ ನೋಡದೆ ಕಾರು ನೋಡಬೇಡಿ. ಹಿಂದಿನ ಆಕ್ಸಲ್‌ನಲ್ಲಿ 4.10 ಇದ್ದರೆ (ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ 4.10 ಸುತ್ತು) ಗಂಟೆಗೆ 60 ಮೈಲಿಯಲ್ಲಿ ಇಂಜಿನ್ ಸುಮಾರು 3,200 ತಿರುಗುತ್ತದೆ, 3.31 ಇದ್ದರೆ ಸುಮಾರು 2,550. ಮೊದಲನೆಯದು ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹಬ್ಬ, ಹೆದ್ದಾರಿಯಲ್ಲಿ ಅರ್ಧ ಗಂಟೆಗೆ ತಲೆನೋವು. ಟೈರಿನದ್ದೂ ಇದೇ ಕಥೆ. ಆ ಕಾಲದ ಹಿಡಿತ ಕಡಿಮೆಯ ಬಯಾಸ್ ಟೈರ್ ಮೇಲೆ 400 ಹಾರ್ಸ್‌ಪವರ್ ಮೊದಲ ಗೇರ್‌ನಲ್ಲಿ ಹೊಗೆಯಾಗಿ ಹೋಗುತ್ತಿತ್ತು. ಯಾವ ಕಾರು ಯಾವುದನ್ನು ಸೋಲಿಸಿತು ಎಂಬ ಹಳೆಯ ಜಗಳಗಳಲ್ಲಿ ಅರ್ಧಕ್ಕರ್ಧ ಟೈರಿನ ಮತ್ತು ಗೇರಿನ ಜಗಳಗಳೇ.

ಪೆಟ್ರೋಲ್ ಪ್ರಶ್ನೆ ನೀವು ಅಂದುಕೊಂಡದ್ದಕ್ಕಿಂತ ಮುಖ್ಯ. ಇಲ್ಲಿ ಎರಡು ಬೇರೆ ವಿಷಯಗಳನ್ನು ಜನ ಕಲಸಿಬಿಡುತ್ತಾರೆ. ಒಂದು ಸೀಸ. ಸೀಸವಿಲ್ಲದ ಪೆಟ್ರೋಲ್ ಹಾಕಿದರೆ ವಾಲ್ವ್ ಸೀಟ್ ಕೂಡಲೇ ತಿಂದುಹೋಗುತ್ತದೆ ಎಂಬುದು ಅತಿಶಯ. ಭಾರೀ ಲೋಡಿನಲ್ಲಿ, ಹೆಚ್ಚು ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಆಗುತ್ತದೆ, ವಾರಾಂತ್ಯದ ಸವಾರಿಗೆ ಅಷ್ಟೇನಿಲ್ಲ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿದರೆ ಆ ಚಿಂತೆ ಮುಗಿಯಿತು. ಇನ್ನೊಂದು ಆಕ್ಟೇನ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯದೆ ತಡೆಯುವ ಗುಣ. ನಿಜವಾದ ತೊಂದರೆ ಇದೇ. ಎಲ್‌ಎಸ್-6ರ ಕಂಪ್ರೆಷನ್ (ಗಾಳಿ-ಪೆಟ್ರೋಲನ್ನು ಸಿಲಿಂಡರ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು) 11.25, ಹೆಮಿಯದ್ದು 10.25. ಅಂದಿನ ಪ್ರೀಮಿಯಂ ಪೆಟ್ರೋಲ್ ಇಂದಿನ ಬಂಕಿನಲ್ಲಿ ಸಿಗುವ 93ಕ್ಕಿಂತ ಮೇಲಿತ್ತು. ಬಂಕಿನಲ್ಲಿ ಬರೆಯುವ 93 ಎರಡು ವಿಧಾನಗಳ ಸರಾಸರಿ, ಭಾರತದ ಲೆಕ್ಕಕ್ಕೆ ಸುಮಾರು 97-98 ಆಗುತ್ತದೆ. ಕಂಪ್ರೆಷನ್ ಇಳಿಸದ ಎಲ್‌ಎಸ್-6ಗೆ ಇದು ಸಾಲದು. ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಕಬ್ಬಿಣದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಕೇಳಿದರೆ ಅದು ನಾಕಿಂಗ್. ಅಲಕ್ಷ್ಯ ಮಾಡಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ. ಟೈಮಿಂಗ್ ಹಿಂದಕ್ಕೆ ತರಬಹುದು, ಆಗ ಶಕ್ತಿ ಕಡಿಮೆಯಾಗಿ ಇಂಜಿನ್ ಬಿಸಿ ಏರುತ್ತದೆ. ರೇಸ್ ಪೆಟ್ರೋಲ್ ಬೆರೆಸಬಹುದು, ಜೇಬು ತಡೆದರೆ. ಸರಿಯಾದ ದಾರಿ ಕಡಿಮೆ ಕಂಪ್ರೆಷನ್ನಿನ ಪಿಸ್ಟನ್. ಒಂಬತ್ತೂವರೆಯ ಹತ್ತಿರ ತಂದರೆ ನೆಮ್ಮದಿಯಾಗಿ ಓಡುತ್ತದೆ.

ಆಯಿಲ್ ಬಗ್ಗೆಯೂ ಒಂದು ಮಾತು. ಈ ಇಂಜಿನ್‌ಗಳ ಕ್ಯಾಮ್ ಮೇಲೆ ಚಪ್ಪಟೆ ಟ್ಯಾಪೆಟ್ ಉಜ್ಜುತ್ತಾ ಓಡುತ್ತದೆ, ಅದಕ್ಕೆ ಆಯಿಲ್‌ನಲ್ಲಿ ಜಿಂಕ್ ಬೇಕು. ಹೊಸ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ಹಳೆಯ ಕಾರಿಗೆಂದೇ ಮಾರುವ ಆಯಿಲ್ ಹಾಕಿ. ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೆಯ ರಬ್ಬರ್ ಪೈಪುಗಳು ತಡೆಯುವುದಿಲ್ಲ, ಕಾರು ತಂದ ವಾರವೇ ಬದಲಿಸಿ, ಬೆಂಕಿಯ ವಿಷಯ.

ಈಗ ಆ ಷೆವೆಲ್. ಕ್ರೈಸ್ಲರ್ ಕಾರಾಗಿದ್ದರೆ ಕೆಲಸ ಸುಲಭವಿತ್ತು, 1970ರ ಚಾಸಿಸ್ ನಂಬರಿನ ಐದನೇ ಅಕ್ಷರವೇ ಇಂಜಿನ್ ಹೇಳುತ್ತದೆ: ಆರ್ ಇದ್ದರೆ ಹೆಮಿ, ಯು ಇದ್ದರೆ 440, ವಿ ಇದ್ದರೆ ಮೂರು ಕಾರ್ಬ್ಯುರೇಟರಿನ 440. ಷೆವೆಲ್‌ನಲ್ಲಿ ಅದು ಇಲ್ಲ. ವಿ-8 ಎಂದು ತಿಳಿಯುತ್ತದೆ, ಯಾವ ವಿ-8 ಎಂದಲ್ಲ. ಆದ್ದರಿಂದಲೇ ನಕಲಿ ಎಲ್‌ಎಸ್-6ಗಳು ಅಷ್ಟೊಂದಿವೆ. ಒಂದು ಟಾರ್ಚ್, ಒಂದು ಬಟ್ಟೆ, ಬ್ರೇಕ್ ಕ್ಲೀನರ್ ಡಬ್ಬಿ ತೆಗೆದುಕೊಂಡು ಹೋಗಿ. ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕ್ ಮೇಲೆ ಸಣ್ಣ ಚಪ್ಪಟೆ ಜಾಗವಿದೆ, ಅಲ್ಲಿ ಅಂಕಿ ಅಕ್ಷರ ಒತ್ತಿರುತ್ತಾರೆ. ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಫ್ಯಾಕ್ಟರಿಯ ಯಂತ್ರ ಕೊರೆದ ಸಣ್ಣ ಸಣ್ಣ ಸಮಾನಾಂತರ ಗೆರೆಗಳು ಅಕ್ಷರಗಳ ಹಿಂದೆ ಕಾಣಬೇಕು. ಜಾಗ ನುಣುಪಾಗಿದ್ದರೆ ಅಥವಾ ಗೆರೆಗಳು ಅಡ್ಡಾದಿಡ್ಡಿ ಇದ್ದರೆ ಯಾರೋ ಉಜ್ಜಿ ಮತ್ತೆ ಒತ್ತಿರಬಹುದು. ಬ್ಲಾಕ್ ಹಿಂಬದಿಯ ಎರಕದ ನಂಬರ್ 3963512 ಇದೆ ಎಂದು ಮಾರುವವರು ತೋರಿಸಿದರೆ ಅದು ಎಲ್‌ಎಸ್-6 ಎಂಬುದಕ್ಕೆ ಸಾಕ್ಷಿಯಲ್ಲ, ಎಲ್‌ಎಸ್-5ಗೂ ಅದೇ ಬ್ಲಾಕ್. ವಾಲ್ವ್ ಕವರ್ ಬಿಚ್ಚಲು ಒಪ್ಪಿದರೆ ಹೆಡ್ ನಂಬರ್ ನೋಡಿ, ಎಲ್‌ಎಸ್-6ರದ್ದು 3964291. ಬ್ಲಾಕ್ ಎರಕವಾದ ತಾರೀಖು ಕಾರು ತಯಾರಾದ ತಾರೀಖಿಗಿಂತ ಮೊದಲಿನದಾಗಿರಬೇಕು. ಪೆಟ್ರೋಲ್ ಟ್ಯಾಂಕ್ ಇಳಿಸಿದರೆ ಅದರ ಮೇಲೆ ಫ್ಯಾಕ್ಟರಿಯ ಬಿಲ್ಡ್ ಶೀಟ್ (ಕಾರಿಗೆ ಏನೇನು ಹಾಕಿದರೆಂಬ ಹಾಳೆ) ಸಿಕ್ಕುವುದುಂಟು. ಇವೆಲ್ಲ ಹೊಂದಿದರೂ ಕಾಗದವಿಲ್ಲದ ಕಾರಿಗೆ ಎಲ್‌ಎಸ್-6 ಬೆಲೆ ಕೊಡಬೇಡಿ. ಕೊನೆಗೆ ನೀವು ಮಾರುವಾಗ ಇದೇ ಪ್ರಶ್ನೆ ನಿಮ್ಮನ್ನು ಕೇಳುತ್ತಾರೆ.

ನಿಮಗಿರುವ ದಾರಿಗಳು ಮೂರು. ದಾಖಲೆ ಇರುವ ಅಸಲಿ ಎಲ್‌ಎಸ್-6 ಅಥವಾ ಹೆಮಿ ಕೊಂಡರೆ ಬೆಲೆ ಉಳಿಯುತ್ತದೆ, ಆದರೆ ಓಡಿಸಲು ಕೈ ಬರುವುದಿಲ್ಲ, ಬ್ಲಾಕ್ ಒಡೆದರೆ ಕಾರಿನ ಬೆಲೆಯೂ ಒಡೆಯಿತು. ನಕಲು ಎಂದು ಒಪ್ಪಿಕೊಂಡೇ ಮಾರುವ ಕಾರು ಕೊಳ್ಳಬಹುದು. ಅಲ್ಲಿ ಅಪಾಯ ಇಂಜಿನ್ ಯಾರು ಕಟ್ಟಿದರು ಎಂಬುದು. ಮಷಿನ್ ಶಾಪಿನ ಬಿಲ್ಲು, ಯಾವ ಪಿಸ್ಟನ್, ಎಷ್ಟು ಬೋರ್ ಎಂದು ಬರೆದದ್ದು ಇಲ್ಲದಿದ್ದರೆ ಇಂಜಿನ್ ಕಟ್ಟಿಸುವ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ. ಮೂರನೆಯದು, ನಿಮಗೆ ನಾನು ಹೇಳುವುದು: 454 ಎಲ್‌ಎಸ್-5 ಷೆವೆಲ್ ಅಥವಾ ನಾಲ್ಕು-ಬ್ಯಾರೆಲ್ 440 ಇರುವ ಪ್ಲಿಮತ್, ಡಾಡ್ಜ್. 1971ರ ಎಲ್‌ಎಸ್-5 ಸಿಕ್ಕಿದರೆ ಇನ್ನೂ ಒಳ್ಳೆಯದು. ಆ ವರ್ಷ ಜನರಲ್ ಮೋಟಾರ್ಸ್ ಕಂಪ್ರೆಷನ್ ಇಳಿಸಿತು, ಇದರದ್ದು 8.5. ಸಾಧಾರಣ ಪೆಟ್ರೋಲ್‌ನಲ್ಲೇ ಓಡುತ್ತದೆ. ಸಂಗ್ರಹಕಾರರು 1970ರ ಹಿಂದೆ ಬಿದ್ದಿರುವುದರಿಂದ ಬೆಲೆಯೂ ಕೆಳಗಿದೆ. ಬ್ಯೂಕ್ ಮೇಲೆ ಮನಸ್ಸಾದರೆ ಆಯಿಲ್ ದಾರಿ ಸರಿಪಡಿಸಿದ್ದಾರೆಯೇ ಎಂದು ಕೇಳಿ, ಬಿಸಿಯಾದ ಇಂಜಿನ್ ನಿಂತಲ್ಲೇ ತಿರುಗುವಾಗ ಆಯಿಲ್ ಪ್ರೆಶರ್ ಎಷ್ಟಿದೆ ಎಂದು ಮೀಟರ್ ಹಾಕಿಸಿ ನೋಡಿ.

ಮಗಳ ವಿಷಯ. ಈ ಕಾರುಗಳ ಹಿಂದಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ, ತಲೆಗೆ ಆಸರೆಯಿಲ್ಲ, ಹಿಂದಿನ ಬ್ರೇಕ್ ಡ್ರಮ್. ಮೂರು ಪಾಯಿಂಟ್ ಬೆಲ್ಟ್ ಕೂರಿಸುವ ಕಿಟ್‌ಗಳಿವೆ, ಬಾಡಿಗೆ ಬಲವಾದ ತಗಡು ಬೆಸೆದು ಕೂರಿಸುವವರ ಹತ್ತಿರವೇ ಮಾಡಿಸಿ, ಬರೀ ಬೋಲ್ಟ್ ಬಿಗಿದು ಕೊಟ್ಟರೆ ಒಪ್ಪಬೇಡಿ. ರೇಡಿಯಲ್ ಟೈರ್ ಹಾಕಿಸಿ, ಬ್ರೇಕ್ ಹೋಸ್ ಮೂರನ್ನೂ ಬದಲಿಸಿ. ಇಷ್ಟಾಗುವವರೆಗೆ ಮಗಳನ್ನು ಕೂರಿಸಬೇಡಿ. ಇದಕ್ಕೆ ಬೇಕಾದ ದುಡ್ಡನ್ನು ಕಾರಿನ ಬೆಲೆ ಮಾತಾಡುವ ಮುಂಚೆಯೇ ಎತ್ತಿಡಿ.